ಮಗ್ಗದ ಗುಂಡಿಯಲ್ಲಿ ಐದು ಊರು

ಮೊನ್ನೆ ಒಗ್ಗರಣೆಗೆಂದು ಸಾಸಿವೆ ಡಬ್ಬಿಗೆ ಕೈ ಹಾಕಿದರೆ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದರ ಕುತ್ತಿಗೆಗೆ ಗಿಳಿಹಸಿರು ರೇಷ್ಮೆ ದಾರ. ನಿಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಇರಬಹುದು. ನಿಮ್ಮ ಪುಣ್ಯ. ನಮ್ಮ ಮನೆಯಲ್ಲಿ ಅಜ್ಜಿ ಇದ್ದಾಳೆ.

ಅದನ್ನು ನನ್ನ ಚೂಡಿದಾರದ ವೇಲಿಗೆ ಒರೆಸಿ ಮೂಸಿ ನೋಡಿದೆ. ಒಳಗಿದ್ದದ್ದು ಲಿನಕ್ಸ್, ವಿಂಡೋಸ್‌ನಂಥದ್ದೇ ಆದರೆ ಪುಕ್ಕಟೆ ಸಿಗುವ ತಂತ್ರಾಂಶ. ಲಿನಕ್ಸ್‌ಗೆ ವಾಸನೆಯಿಲ್ಲ ಎನ್ನುವವರು ಅದನ್ನು ಸಾಸಿವೆಯಲ್ಲಿ ಇಟ್ಟು ನೋಡಿಲ್ಲ. ಅಷ್ಟರಲ್ಲಿ ಎಣ್ಣೆ ಕಾದು ಹೊಗೆಯಾಡಿತು. ಆ ದಿನದ ದಿನಚರಿಯಲ್ಲಿ ಎರಡು ಸಾಲು ಇದೆ: "ಬುಧವಾರ. ಹಸಿರು ಸಿಕ್ಕಿತು. ಸಾರು ಕಮಟು."

ದಿನಚರಿ ಬರೆಯುವ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಎಂದು ಗೀಚುತ್ತಾ ಗೀಚುತ್ತಾ ಅವರಿಗೆ ಮನೆಯಲ್ಲೂ ಅದೇ ಅಭ್ಯಾಸ. ಸ್ನಾನಕ್ಕೆ ಹೋದವರು ಹೊರಬಂದಾಗ ಗಡಿಯಾರ ನೋಡಿ "ಲೇಟು" ಎನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಜಗಲಿಯ ಮೇಲೆ ಕುಳಿತು ಕುಂತೂರಿನ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರ್‌ಗಳನ್ನು ಐದೈದರ ಗೆರೆ ಹಾಕಿ ಎಣಿಸುತ್ತಿದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಕಬ್ಬು ಕದಿಯುವ ಹುಡುಗರ ಪಟ್ಟಿಯನ್ನೂ ಇಟ್ಟಿದ್ದೆ. ಅದರಲ್ಲಿ ನನ್ನ ಹೆಸರು ಎರಡನೆಯದು.

ಆ ಕಾಲದಿಂದಲೂ ನಾನು ತಪ್ಪದೆ ಇಟ್ಟುಕೊಂಡು ಬಂದ ಇನ್ನೊಂದು ಲೆಕ್ಕ, ನಮ್ಮ ಮನೆಯ ಗುಂಡಿಗೆ ಬಿದ್ದವರದು.

ಗುಂಡಿ ಎಂದರೆ ಮಗ್ಗದ ಗುಂಡಿ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಡುಮನೆಯ ನೆಲದಲ್ಲೇ ಸೊಂಟದಾಳದ ಒಂದು ಚೌಕ. ನೇಯುವವರು ಅದರ ಅಂಚಿನ ಮೇಲೆ ಕುಳಿತು ಕಾಲು ಒಳಕ್ಕೆ ಇಳಿಬಿಟ್ಟು ತುಳಿಗೆ ತುಳಿಯುತ್ತಾರೆ, ಕೈಯಲ್ಲಿ ಲಾಳಿ ಓಡಿಸುತ್ತಾರೆ. ಗುಂಡಿಯ ಬಲಗೋಡೆಯಲ್ಲಿ ಒಂದು ಗೂಡು. ಅಲ್ಲಿ ಅಜ್ಜಿಯ ಎಲೆ ಅಡಿಕೆ ಚೀಲ, ನೂಲು ಸುತ್ತಿದ ಕಂಡಿಕೆಗಳು, ಮುಟ್ಟಬಾರದ ಒಂದು ಕತ್ತರಿ. ಬೇಸಿಗೆಯಲ್ಲಿ ಇಡೀ ಕೊಳ್ಳೇಗಾಲದಲ್ಲಿ ತಣ್ಣಗಿರುವ ಜಾಗ ಅದೊಂದೇ ಎಂದು ನನ್ನ ನಂಬಿಕೆ. ನಾನು ಮಗ್ಗಿ ಕಲಿತದ್ದು ಅಜ್ಜಿಯ ಕಾಲ ಪಕ್ಕದಲ್ಲಿ, ತುಳಿಗೆಯ ತಾಳಕ್ಕೆ. ಈಗಲೂ ಹದಿಮೂರರ ಮಗ್ಗಿ ಹೇಳುವಾಗ ನನ್ನ ಬಲಗಾಲು ತಾನಾಗಿ ಅಲ್ಲಾಡುತ್ತದೆ. ಡಿಪ್ಲೊಮಾದ ಮೌಖಿಕ ಪರೀಕ್ಷೆಯಲ್ಲಿ ಇದರಿಂದ ಮೇಜು ನಡುಗಿತು.

ಬಿದ್ದವರ ಲೆಕ್ಕದಲ್ಲಿ ಅಪ್ಪನೇ ಮುಂದು. ಕಳೆದ ವರ್ಷ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನೇಯಬಾರದು ಎಂದು ಡಾಕ್ಟರು ಹೇಳಿದರು. ಮಗ್ಗವನ್ನು ಬಿಚ್ಚಿ ಮರಗಳನ್ನೆಲ್ಲ ಅಟ್ಟಕ್ಕೆ ಹಾಕಿದರು. ಮಗ್ಗ ಇದ್ದಾಗ ಗುಂಡಿ ಕಾಣುತ್ತಿತ್ತು, ಮಗ್ಗ ಹೋದ ಮೇಲೆ ಅದು ಬರೀ ಬಾಯಿ. ಒಂದು ಸಂಜೆ ಕರೆಂಟು ಹೋದಾಗ ಅಪ್ಪ ತಮ್ಮ ಡಿಪೊ ಮ್ಯಾನೇಜರರನ್ನು "ಬನ್ನಿ ಸಾ, ಒಳಿಕ್ ಬನ್ನಿ" ಎಂದು ಕರೆಯುತ್ತಾ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಆ ಮರ್ಯಾದೆಯ ಮಧ್ಯದಲ್ಲೇ ಮಾಯವಾದರು. ಗುಂಡಿಯೊಳಗಿಂದ "ಕೂತ್ಕಳಿ ಸಾ" ಎಂಬ ಮಾತು ಮಾತ್ರ ಮೇಲೆ ಬಂತು.

ಮಾರನೇ ದಿನವೇ ಅಪ್ಪ ತೀರ್ಪು ಕೊಟ್ಟರು. ಗುಂಡಿ ಮುಚ್ಚಿ, ಮೇಲೆ ಟೈಲ್ಸ್ ಹಾಕಿಸಿ, ದಿವಾನ ಇಡುವುದು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸಕ್ಕೆ ಹೋಗುವ ಅಮ್ಮ "ನಂಗೇನು, ಗುಡಿಸೋಕ್ ಸುಲ್ಬ" ಎಂದು ತಟಸ್ಥಳಾದಳು. ಅಜ್ಜಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಾ ಅಡುಗೆಮನೆಗೆ ಹೋದಳು. ನಷ್ಟ ನನ್ನೊಬ್ಬಳದು. ಯಾಕೆಂದರೆ ಮಗ್ಗ ಅಟ್ಟ ಹತ್ತಿದ ವಾರದಲ್ಲೇ ನಾನು ಗುಂಡಿಯ ಮೇಲೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಾಲು ಇಳಿಬಿಟ್ಟು ಕೂರತೊಡಗಿದ್ದೆ. ಮೂರು ಕೋಣೆಯ ಮನೆಯಲ್ಲಿ ನನ್ನದು ಎನ್ನಬಹುದಾದ ಜಾಗ ಅದೊಂದೇ.

ನಾನು ಅಲ್ಲಿ ಮಾಡುತ್ತಿದ್ದದ್ದು ಏನು ಎಂದು ಹೇಳಿಬಿಡುತ್ತೇನೆ. ನೆಟ್‌ವರ್ಕಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ. ಅದಕ್ಕೆ ಜಾಲದಲ್ಲಿ ಸಂದೇಶಗಳಿಗೆ ದಾರಿ ತೋರಿಸುವ ರೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಕೆಡಿಸಿ, ಮತ್ತೆ ಸರಿಮಾಡಿ ಕೈ ಪಳಗಿಸಬೇಕು. ನಿಜವಾದ ರೂಟರ್‌ಗಳನ್ನು ಕೊಳ್ಳುವ ಮನೆ ನಮ್ಮದಲ್ಲ. ಆದರೆ ಒಂದು ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಐದಾರು ಸುಳ್ಳು ರೂಟರ್‌ಗಳನ್ನು ಎಬ್ಬಿಸಿ, ಅವುಗಳ ನಡುವೆ ಸುಳ್ಳು ತಂತಿ ಎಳೆದು, ನಿಜವಾದ ತಲೆನೋವು ಪಡೆಯಬಹುದು. ನನ್ನ ರೂಟರ್‌ಗಳಿಗೆ ಊರಿನ ಹೆಸರಿಟ್ಟಿದ್ದೆ: ಕೊಳ್ಳೇಗಾಲ, ಹನೂರು, ಕೌದಳ್ಳಿ, ಯಳಂದೂರು, ಕುಂತೂರು. ತೊಂದರೆ ಒಂದೇ. ವಿಂಡೋಸ್ ಮೇಲೆ ಇವು ಒಟ್ಟಿಗೆ ಏಳುತ್ತಲೇ ಇರಲಿಲ್ಲ. ಕೊಳ್ಳೇಗಾಲ ಎದ್ದರೆ ಹನೂರು ಮಲಗುತ್ತಿತ್ತು, ಕೌದಳ್ಳಿಯಂತೂ ಒಂದು ದಿನವೂ ಕಣ್ಣು ಬಿಡಲಿಲ್ಲ. ಇಂಥ ಕೆಲಸಕ್ಕೆ ಲಿನಕ್ಸ್ ಹಾಕಿಕೊಳ್ಳಬೇಕು ಎಂದು ಬಲ್ಲವರೆಲ್ಲ ಹೇಳುತ್ತಿದ್ದರು.

ಅಪ್ಪನ ಮುಂದೆ ನಿಂತು, "ಗುಂಡೀಲಿ ನನ್ ಲ್ಯಾಬ್ ಅದೆ ಅಪ್ಪ" ಎಂದೆ.

"ಲ್ಯಾಬಾ? ನಾನ್ ನೋಡ್ದಾಗೆಲ್ಲ ಒಂದ್ ಚಕ್ರ ತಿರುಗ್ತಾ ಇರ್ತದೆ, ನೀನು ಕೆನ್ನೆ ಮೇಲೆ ಕೈ ಇಟ್ಕಂಡ್ ಕೂತಿರ್ತೀಯ."

ಆಗ ಅಡುಗೆಮನೆಯ ಬಾಗಿಲಿನಿಂದ ಅಜ್ಜಿ ಮೊದಲ ಬಾರಿ ಬಾಯಿ ಬಿಟ್ಟಳು. "ಕೆಲ್ಸ ನಡೀತಾ ಇರೋ ಗುಂಡಿ ಮುಚ್ಚಬಾರ್ದು ಕಣ್ಲಾ. ನಿಮ್ಮಪ್ಪ ಏಳ್ತಿರ್ನಿಲ್ವಾ?"

ಅದು ನಮ್ಮ ಬೀದಿಯ ಹಳೆಯ ಕಟ್ಟು. ಅರ್ಧ ನೇಯ್ದ ಸೀರೆ ಇದ್ದರೆ ಗುಂಡಿಯನ್ನು ಮುಟ್ಟುವಂತಿಲ್ಲ, ಮನೆ ಮಾರಿದರೂ ಕೊಂಡವನು ಸೀರೆ ಮುಗಿಯುವವರೆಗೆ ಕಾಯಬೇಕು. ಅಪ್ಪ ತಲೆ ಕೆರೆದುಕೊಂಡರು. "ಸೀರೆ ಬ್ಯಾರೆ, ಇದು ಬ್ಯಾರೆ."

"ಕೆಲ್ಸ ಕೆಲ್ಸಾನೇ."

ಕೊನೆಗೆ ಒಪ್ಪಂದವಾಯಿತು. ಗಾರೆಯ ಸಿದ್ದಪ್ಪ ಬರುವುದು ಯುಗಾದಿ ಕಳೆದ ಸೋಮವಾರ. ಅಷ್ಟರಲ್ಲಿ ನನ್ನ ಐದೂರು ಎದ್ದು, ಒಂದರಿಂದೊಂದಕ್ಕೆ ಓಡಾಡಿ, ಅಪ್ಪನ ಕಣ್ಣಿಗೆ ಕೆಲಸ ಎಂದು ಕಂಡರೆ ಗುಂಡಿ ಉಳಿಯುತ್ತದೆ. ಇಲ್ಲದಿದ್ದರೆ ಮರಳು. ಆ ಹೊತ್ತಿಗೆ ಅಜ್ಜಿ ನನ್ನ ಪರವಾಗಿ ನಿಂತದ್ದಕ್ಕೆ ನನ್ನ ಕಣ್ಣು ತುಂಬಿತ್ತು. ದಿನಚರಿಯಲ್ಲಿ "ಅಜ್ಜಿ ದೇವರು" ಎಂದು ಬರೆದಿದ್ದೇನೆ. ಆಮೇಲೆ ಅದನ್ನು ಹೊಡೆದುಹಾಕಿದ್ದೂ ಇದೆ, ಅದಕ್ಕೆ ಬರುತ್ತೇನೆ.

ಲಿನಕ್ಸ್ ಹಾಕುವುದು ಎಂದು ತೀರ್ಮಾನಿಸುವುದು ಸುಲಭ. ಯಾವ ಲಿನಕ್ಸ್ ಎಂದು ಕೇಳಿದಿರೋ, ಮುಗಿಯಿತು. ಅದು ಒಂದಲ್ಲ, ನೂರು. ಹೆಸರು ಹೇಳಿದರೆ ಇನ್ನೊಂದರ ಭಕ್ತರು ಮನೆ ಹುಡುಕಿಕೊಂಡು ಬರುತ್ತಾರೆ, ಆದ್ದರಿಂದ ಇಲ್ಲಿ ಹೆಸರಿಲ್ಲ, ಬಣ್ಣ ಮಾತ್ರ. ಒಂದೊಂದನ್ನೂ ಒಂದೊಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಗುರುತಿಗೆ ಅಜ್ಜಿಯ ಬುಟ್ಟಿಯಿಂದ ಚೂರು ರೇಷ್ಮೆ ಕದ್ದು ಕಟ್ಟಿದೆ. ಹಸಿರು, ಹೊಸಬರಿಗೆ ಒಳ್ಳೆಯದು ಎಂದಿದ್ದರು. ಹಾಕಿದೆ. ಚೆನ್ನಾಗಿತ್ತು, ಆದರೆ ವೈಫೈ ಹಿಡಿಯಲಿಲ್ಲ. ಕೆಂಪು ವೈಫೈ ಹಿಡಿಯಿತು, ಕಿಟಕಿಗಳು ತೆರೆಯುವಾಗ ಜೆಲ್ಲಿಯಂತೆ ಕುಲುಕುತ್ತಿದ್ದವು. ಒಂದು ಇಡೀ ಮಧ್ಯಾಹ್ನ ನಾನು ಅವುಗಳನ್ನು ಕುಲುಕಿಸುತ್ತಾ ಕುಳಿತೆ. ಹಳದಿಯನ್ನು ನಿಜವಾದ ಇಂಜಿನಿಯರುಗಳು ಮಾತ್ರ ಬಳಸುತ್ತಾರೆ ಎಂದು ಯಾರೋ ಬರೆದಿದ್ದರು. ಅದು ನನ್ನನ್ನು ಕಪ್ಪು ಪರದೆಯ ಮುಂದೆ ಬಿಟ್ಟು, ಏನು ಬೇಕು ಎಂದೂ ಕೇಳಲಿಲ್ಲ. ನೇರಳೆಯ ವಾಲ್‌ಪೇಪರ್ ಚೆನ್ನಾಗಿತ್ತು. ಹಾಕಲು ಬೇರೆ ಕಾರಣ ಇರಲಿಲ್ಲ ಎಂದು ದಿನಚರಿಯೇ ಹೇಳುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ನೇಕಾರರ ಮನೆಯವರಲ್ಲದೆ ಇನ್ನಾರೂ ಮಾಡಲಾರರು.

ಮಗ್ಗದಲ್ಲಿ ಒಂದು ಹಾಸು ಮುಗಿಯಿತು ಎಂದರೆ, ಅಂದರೆ ಉದ್ದಕ್ಕೆ ಎಳೆದ ನೂಲು ತೀರಿತು ಎಂದರೆ, ನಾವು ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ಒಂದು ಗೇಣು ಬಾಲ ಮಗ್ಗದಲ್ಲೇ ಬಿಡುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಬಾಲದ ಒಂದೊಂದು ಎಳೆಗೆ ಬೆರಳಲ್ಲಿ ಹೊಸೆದು ಸೇರಿಸಿ ಎಳೆದುಕೊಂಡರೆ, ಎಳೆಗಳನ್ನು ಹಿಡಿದಿಡುವ ಅಚ್ಚು ಹಣಿಗೆಯ ಸಾವಿರಾರು ಕಣ್ಣುಗಳಲ್ಲಿ ಮತ್ತೆ ನೂಲು ಪೋಣಿಸುವ ಕಷ್ಟ ಇಲ್ಲ. ಬಾಲ ಕತ್ತರಿಸುವುದು ಎಂದರೆ ನಮ್ಮಲ್ಲಿ ಮನೆಯ ದೀಪ ಆರಿಸಿದಷ್ಟು ಕೆಟ್ಟದ್ದು. ಆಗಲೂ ಅಜ್ಜಿಯ ಕೊನೆಯ ಹಾಸಿನ ಬಾಲ, ಅಚ್ಚು ಹಣಿಗೆ ಸಮೇತ, ಹಳೆಯ ಪಂಚೆಯಲ್ಲಿ ಸುತ್ತಿ ನಡುಮನೆಯ ಮೊಳೆಗೆ ನೇತುಹಾಕಿತ್ತು. ನೆನಪಿಗಾಗಿ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಇಂಥ ಮನೆಯಲ್ಲಿ ಬೆಳೆದವಳಿಗೆ, ಹೊಸ ಲಿನಕ್ಸ್ ಹಾಕುವಾಗ "ಹಳೆಯದೆಲ್ಲ ಅಳಿಸಲೇ?" ಎಂದು ಲ್ಯಾಪ್‌ಟಾಪ್ ಕೇಳಿದರೆ ಕೈ ಹೇಗೆ ಬರುತ್ತದೆ? ಬರಲಿಲ್ಲ. ಪ್ರತಿ ಸಲವೂ ಹಳೆಯದನ್ನು ಹಾಗೇ ಬಿಟ್ಟು, ಡಿಸ್ಕಿನ ಇನ್ನೊಂದು ಮೂಲೆಯಲ್ಲಿ ಹೊಸದಕ್ಕೆ ಜಾಗ ಮಾಡಿದೆ. ಹಸಿರಿನ ಪಕ್ಕ ಕೆಂಪು, ಕೆಂಪಿನ ಪಕ್ಕ ಹಳದಿ, ಎಲ್ಲಕ್ಕೂ ಹಿಂದೆ ಹಿರಿಯಣ್ಣ ವಿಂಡೋಸ್. ಲ್ಯಾಪ್‌ಟಾಪ್ ಹಚ್ಚಿದರೆ ಯಾವುದು ಬೇಕು ಎಂದು ಉದ್ದದ ಪಟ್ಟಿ ಬರುತ್ತಿತ್ತು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟ ಅಪ್ಪ ಬಗ್ಗಿ ನೋಡಿದರು.

"ಏನಮ್ಮಿ ಇದು, ಬಸ್ ಬೋರ್ಡ್ ಇದ್ದಂಗ್ ಅದೆ?"

"ಯಾವ್ದುಕ್ ಓಗ್ಬೇಕು ಅಂತ ಕೇಳ್ತದೆ ಅಪ್ಪ."

"ನೀನ್ ಯಾವ್ದುಕ್ ಓಯ್ತೀಯ?"

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ಮತ್ತೆ ಮೇಲಕ್ಕೆ ಹೋದೆ. ಅಪ್ಪ ಗಡಿಯಾರ ನೋಡಿ, ನಗುತ್ತಾ ಹೊರಟುಹೋದರು. ಆ ನಗು ನನಗೆ ಇಷ್ಟವಾಗಲಿಲ್ಲ.

ಏಳು ಲಿನಕ್ಸ್‌ಗಳು ಸೇರಿ ಡಿಸ್ಕನ್ನು ತಿಂದುಹಾಕಿದ್ದವು. ಏಳರಲ್ಲಿ ಯಾವುದಕ್ಕೂ ಕೈಕಾಲು ಚಾಚುವಷ್ಟು ಜಾಗವಿಲ್ಲ. ಯಳಂದೂರನ್ನು ಎಬ್ಬಿಸಲು ಹೋದರೆ "ಜಾಗ ಇಲ್ಲ" ಎಂಬ ಉತ್ತರ. ಯುಗಾದಿಯ ಒಬ್ಬಟ್ಟು ತಿಂದು ಗುಂಡಿಯ ಅಂಚಿನಲ್ಲಿ ಕುಳಿತು ಅಳುವುದೋ ಎಂಟನೆಯದನ್ನು ಇಳಿಸುವುದೋ ಎಂದು ಯೋಚಿಸುತ್ತಿದ್ದಾಗ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಬಂದು ಕುಳಿತಳು.

"ಎಷ್ಟ್ ಆದ್ವು?"

"ಏಳು."

"ಒಂದ್ರಲ್ಲೂ ಕೆಲ್ಸ ಆಗ್ನಿಲ್ವಾ?"

"ಜಾಗ ಇಲ್ಲ ಅಜ್ಜಿ. ಅಳೇವು ಅಂಗೇ ಅವೆ."

"ಯಾಕ್ ಮಡಿಕ್ಕಂಡಿದ್ದೀಯ?"

ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. "ನೀನೇ ಏಳ್ತಿದ್ಯಲ್ಲ, ಬಾಲ ಕತ್ತರಿಸಬಾರ್ದು ಅಂತ."

ಅಜ್ಜಿ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಆಪರೇಷನ್ ಆದ ಮೇಲೆ ಅವಳ ನೋಟ ಜೋರಾಗಿದೆ. "ಅಯ್ ಗೂಬೆ, ಅದೇ ನೂಲು ಅದೇ ಲೆಕ್ಕ ಆದ್ರೆ ಕಟ್ತೀವಿ. ಪಂಚೆ ಬಾಲಕ್ಕೆ ಯಾರಾದ್ರೂ ಸೀರೆ ಕಟ್ತಾರಾ? ನೀನು ಏಳ್ ಮನೆ ಬಾಲ ಮಡಿಕ್ಕಂಡು ಮಗ್ಗ ಎಲ್ಲಿ ಅಂತ ಉಡುಕ್ತಾ ಇದ್ದೀಯ." ಎಲೆಯನ್ನು ಬಾಯಿಗಿಟ್ಟುಕೊಂಡು ಕೈ ಚಾಚಿದಳು. "ತತ್ತಾ ಆ ಕಡ್ಡಿಗಳ್ನ."

ಪೆನ್‌ಡ್ರೈವ್‌ಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು, "ಇದ್ರಲ್ಲಿ ಬಡಪಾಯಿ ಯಾವ್ದು? ಬಣ್ಣ ಬೆಡಗು ಇಲ್ದೆ ಸುಮ್ನೆ ಗೇಯೋದು?" ಎಂದಳು. ಬೂದು ದಾರದ್ದನ್ನು ತೋರಿಸಿದೆ. ಅದರಲ್ಲಿ ವಾಲ್‌ಪೇಪರ್ ಕೂಡ ಬೂದು. ಅದೊಂದನ್ನು ನನ್ನ ಕೈಗೆ ಕೊಟ್ಟು, ಉಳಿದವುಗಳನ್ನು ಸೆರಗಿಗೆ ಕಟ್ಟಿಕೊಂಡು ಅಡುಗೆಮನೆಗೆ ಹೋದಳು. ಅವು ಎಲ್ಲಿ ಹೋದವು ಎಂದು ಎಷ್ಟು ಕೇಳಿದರೂ "ಇಲಿ ತಿಂತೇನೋ" ಎಂದಳು.

ಲ್ಯಾಪ್‌ಟಾಪಿನಲ್ಲಿದ್ದ ಅಪ್ಪನ ಫೋಟೋಗಳನ್ನು ಅಮ್ಮನ ಫೋನಿಗೆ ಸಾಗಿಸಿ, ಕಣ್ಣು ಮುಚ್ಚಿ, ವಿಂಡೋಸ್ ಸಮೇತ ಎಲ್ಲವನ್ನೂ ಅಳಿಸಿದೆ. ಬೂದು ಒಂದೇ ಉಳಿಯಿತು. ಭಾನುವಾರ ಸಂಜೆಗೆ ಕೊಳ್ಳೇಗಾಲ ಎದ್ದಿತು, ಹನೂರು ಎದ್ದಿತು, ಯಳಂದೂರು, ಕುಂತೂರು, ಕೊನೆಗೆ ಗೊಣಗುತ್ತಾ ಕೌದಳ್ಳಿ. ಲ್ಯಾಪ್‌ಟಾಪಿನ ಫ್ಯಾನು ಘಾಟಿ ಹತ್ತುವ ಬಸ್ಸಿನಂತೆ ಕೂಗುತ್ತಿತ್ತು. ಕೂಗಲಿ ಎಂದೆ.

ಸೋಮವಾರ ಸಿದ್ದಪ್ಪ ಬಂದೇಬಿಟ್ಟ. ಮರಳಿನ ಮೂಟೆಯನ್ನು ಗುಂಡಿಯ ಅಂಚಿಗೆ ಒರಗಿಸಿ, ನನ್ನ ಕಾಲು ಇನ್ನೂ ಒಳಗಿರುವುದನ್ನು ನೋಡಿ, "ಅಮ್ಮಯ್ಯ, ನಿನ್ನ ಸೇರ್ಸೇ ಮುಚ್ಚಬೇಕಾ?" ಎಂದ. ಅಪ್ಪ ಡ್ಯೂಟಿಯ ಖಾಕಿಯಲ್ಲೇ ಕುರ್ಚಿ ಎಳೆದುಕೊಂಡು ಕುಳಿತರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಊಂ. ಕೊಳ್ಳೇಗಾಲದಿಂದ ಯಳಂದೂರಿಗೆ ಒಂದ್ ಬುಡು ನೋಡವ."

ಬಿಟ್ಟೆ. ಪರದೆಯ ಮೇಲೆ ಸಾಲಿನ ಕೆಳಗೆ ಸಾಲು ಉತ್ತರ ಬರತೊಡಗಿತು.

"ಒಂದೇ ಮಾತ ಎಷ್ಟ್ ಸಲ ಏಳ್ತದೆ?"

"ತಲುಪ್ದೆ ತಲುಪ್ದೆ ಅಂತ ಏಳ್ತಾ ಅದೆ ಅಪ್ಪ. ಪ್ರತಿ ಸಲ ಎಷ್ಟೊತ್ತು ಆಯ್ತು ಅಂತನೂ ಬರೀತದೆ."

ಅಪ್ಪ ಮುಂದಕ್ಕೆ ಬಗ್ಗಿದರು. "ಟೈಮ್ ಬರೀತದಾ? ನಮ್ ಡ್ರೈವರ್‌ಗಳು ಕೇಳುದ್ರೂ ಏಳಕಿಲ್ಲ."

"ಸಾ, ಮರಳು ಸುರೀಲಾ?" ಎಂದ ಸಿದ್ದಪ್ಪ.

"ತಡಿಯಯ್ಯ." ಅಪ್ಪನ ಕಣ್ಣಲ್ಲಿ ಕಂಟ್ರೋಲರ್ ಎದ್ದು ಕುಳಿತಿದ್ದರು. "ಈಗ ಯಳಂದೂರ್ ರೋಡ್‌ಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚ್ಕತು. ರೋಡ್ ಬಂದ್. ಈಗೇನ್ ಮಾಡ್ತೀಯ?"

ನಾನು ಆ ತಂತಿಯನ್ನು ಕತ್ತರಿಸಿದೆ. ಉತ್ತರಗಳು ನಿಂತವು. ಪರದೆ ಸುಮ್ಮನಾಯಿತು. ಪಕ್ಕದೂರು ನಿಜವಾಗಿ ಸತ್ತಿದೆಯೋ ಸುಮ್ಮನೆ ಮಾತು ಬಿಟ್ಟಿದೆಯೋ ಎಂದು ತಿಳಿಯಲು ರೂಟರ್ ಸ್ವಲ್ಪ ಕಾಯುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಆ ಹೊತ್ತಿನಲ್ಲಿ ಗೊತ್ತಿದ್ದದ್ದು ಯಾವುದೂ ನೆನಪಾಗಲಿಲ್ಲ. ಅಪ್ಪ ಗಡಿಯಾರ ನೋಡಿದರು. ಸಿದ್ದಪ್ಪ ಮೂಟೆಯ ಬಾಯಿ ಬಿಚ್ಚಿದ. ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು. ನನ್ನ ಬಲಗಾಲು ಗುಂಡಿಯೊಳಗೆ ಹದಿಮೂರರ ಮಗ್ಗಿಯನ್ನು ತುಳಿಯುತ್ತಿತ್ತು.

ತಲುಪಿದೆ, ಎಂದಿತು ಪರದೆ. ತಲುಪಿದೆ, ತಲುಪಿದೆ.

"ಎಲ್ಲಿಂದ ಓಯ್ತು?"

"ಕುಂತೂರ್ ಮೇಲೆ."

"ಕುಂತೂರಿಂದ ಯಳಂದೂರಿಗೆ ಈ ಒತ್ನಲ್ಲಿ ಯಾವ್ ಬಸ್ ಅದೆ?"

"ಬಸ್ ಇಲ್ದಿದ್ರೂ ದಾರಿ ಅದ್ಯಲ್ಲ ಅಪ್ಪ."

"ಅಂಗೆ ಓಗು ಅಂತ ಯಾರ್ ಏಳುದ್ರು?"

"ಯಾರೂ ಏಳ್ನಿಲ್ಲ. ಅದೇ ತಿಳ್ಕತು."

ಅಪ್ಪ ಜೇಬಿನಿಂದ ಪೆನ್ನು ತೆಗೆದರು. "ಆಪೀಸ್ನ ಕೇಳ್ದೆ ರೂಟ್ ಬದಲಾಯಿಸ್ತಾ?" ಎಂದರು. "ಅದ್ಕೆ ಮೆಮೊ ಕೊಡ್ಬೇಕು." ಆಮೇಲೆ ಕೌದಳ್ಳಿ ರಸ್ತೆ ಕೆಡಿಸಿದರು, ಹನೂರಿಗೆ ಎರಡು ದಾರಿ ಯಾಕಿಲ್ಲ ಎಂದು ಬೈದರು, ಎಲ್ಲ ರಸ್ತೆಯನ್ನೂ ಒಟ್ಟಿಗೆ ಬಂದ್ ಮಾಡಿ ನೋಡಿದರು. ಡ್ಯೂಟಿಗೆ ಲೇಟಾಯಿತು. ನನ್ನ ದಿನಚರಿಯಲ್ಲಿ ಅಪ್ಪ ಲೇಟಾದ ದಿನ ಅದೊಂದೇ. ಸಿದ್ದಪ್ಪ ಕಾಫಿ ಕುಡಿದು, ಮರಳನ್ನು ನಮ್ಮ ಹಿತ್ತಲಲ್ಲೇ ಬಿಟ್ಟು ಹೋದ.

ಗುಂಡಿ ಉಳಿಯಿತು. ಆ ಮಧ್ಯಾಹ್ನ ನಾನು ಸುಖವಾಗಿ ನಿದ್ದೆ ಮಾಡಿದೆ.

ಎದ್ದು ಬಂದು ನೋಡಿದರೆ ಲ್ಯಾಪ್‌ಟಾಪ್ ದಿವಾನಕ್ಕೆಂದು ತಂದಿದ್ದ ದಿಂಬಿನ ಮೇಲೆ ಮಲಗಿತ್ತು. ಗೋಡೆಯ ಮೊಳೆ ಬರಿದಾಗಿತ್ತು. ಅಟ್ಟದ ಮರಗಳೆಲ್ಲ ಕೆಳಗಿಳಿದಿದ್ದವು. ಪಕ್ಕದ ಮನೆಯ ಇಬ್ಬರು ಅವನ್ನು ಜೋಡಿಸುತ್ತಿದ್ದರು. ಗುಂಡಿಯ ಅಂಚಿನಲ್ಲಿ ಅಜ್ಜಿ, ಮೂಗಿನ ಮೇಲೆ ಹೊಸ ಕನ್ನಡಕ, ಮಡಿಲಲ್ಲಿ ಕುಂಕುಮ ಬಣ್ಣದ ಹೊಸ ಹಾಸು. ಹಳೆಯ ಬಾಲಕ್ಕೆ ಒಂದೊಂದೇ ಎಳೆ ಹೊಸೆಯುತ್ತಾ ತೆಲುಗಿನಲ್ಲಿ ಎಣಿಸುತ್ತಿದ್ದಳು. ಎಳೆ ಎಣಿಸುವಾಗ ಮಾತ್ರ ಅಜ್ಜಿಗೆ ತೆಲುಗು ಬರುತ್ತದೆ.

"ಡಾಕ್ಟ್ರು ಯಾವಾಗ್ ಒಪ್ಪುದ್ರು?" ಎಂದೆ.

"ಯುಗಾದಿ ಕಳೀಲಿ ಅಂದಿದ್ರು. ಕಳೀತಲ್ಲ."

"ಅಂದ್ರೆ ನೀನು..."

"ನಿಮ್ಮಪ್ಪಂಗೆ ನಾನ್ ಏಳುದ್ರೆ 'ವಯಸ್ಸಾಯ್ತು ಸುಮ್ನಿರು' ಅಂತಾನೆ. ನೀನ್ ಏಳುದ್ರೆ ಟೆಸ್ಟ್ ಮಾಡ್ತಾನೆ." ಒಂದು ಎಳೆ ಹೊಸೆದಳು. "ಗುಂಡೀಲಿ ಯಾರಾದ್ರೂ ಗೇಯ್ತಾ ಇರ್ಬೇಕಿತ್ತು. ಗೇಯ್ದೆ. ಚೆಂದಾಗೇ ಗೇಯ್ದೆ ಮಗ."

"ಅಜ್ಜಿ ದೇವರು" ಎಂಬುದನ್ನು ಹೊಡೆದುಹಾಕಿದ್ದು ಆ ಸಂಜೆ. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಮೂರನೆಯ ದಿನ ಅವಳೇ ಗೂಡಿನಿಂದ ಕಂಡಿಕೆಗಳನ್ನು ತೆಗೆದು ಬುಟ್ಟಿಗೆ ಹಾಕಿ, "ನಿನ್ ಡಬ್ಬ ಇಲ್ಲಿ ಇಡೀತದಾ ನೋಡು" ಎಂದಳು. ಗುಂಡಿಯ ಬಲಗೋಡೆಯ ಆ ಗೂಡಿಗೆ ಲ್ಯಾಪ್‌ಟಾಪ್ ಹೋಯಿತು, ಆದರೆ ಮುಚ್ಚಿಕೊಂಡು ಮಾತ್ರ. ಪರದೆ ಬಿಡಿಸಲು ಜಾಗವಿಲ್ಲ.

ಲಿನಕ್ಸ್‌ನ ಆಯ್ಕೆ ಕೊನೆಗೂ ಆದದ್ದು ಹೀಗೆ. ಪರದೆಯೇ ಇಲ್ಲದ ಮೇಲೆ ಕಿಟಕಿ, ಬಣ್ಣ, ವಾಲ್‌ಪೇಪರ್ ಯಾರಿಗೆ? ಬೂದನ್ನೂ ಬೋಳಿಸಿ, ಬರೀ ಕೆಲಸ ಮಾಡುವ ಭಾಗವನ್ನಷ್ಟೇ ಉಳಿಸಿದೆ. ಈಗ ನನ್ನ ಫೋನಿಗೆ ಒಂದು ಕೀಬೋರ್ಡ್ ಸಿಕ್ಕಿಸಿಕೊಂಡು ಜಗಲಿಯಲ್ಲೋ ಹಿತ್ತಲಿನ ಮರಳಿನ ಮೇಲೋ ಕುಳಿತು, ವೈಫೈ ಮೂಲಕ ಗುಂಡಿಯೊಳಗಿನ ಊರುಗಳಿಗೆ ಅಪ್ಪಣೆ ಕೊಡುತ್ತೇನೆ. ಮೊದಲ ದಿನ ಮುಚ್ಚಳ ಮುಚ್ಚಿದ ಕೂಡಲೇ ಕೊಳ್ಳೇಗಾಲದಿಂದ ಕೌದಳ್ಳಿಯವರೆಗೆ ಎಲ್ಲ ಊರೂ ನಿದ್ದೆ ಹೋಗಿದ್ದವು. ಮುಚ್ಚಿದರೂ ಮಲಗಬೇಡ ಎಂದು ಹೇಳಿಕೊಟ್ಟ ಮೇಲೆ ಸರಿಯಾಯಿತು. ಬಣ್ಣ ಹೋದ ಜಾಗದಲ್ಲಿ ಇನ್ನೊಂದು ರೂಟರ್ ಹಿಡಿಸಿತು. ಅಪ್ಪನ ಒತ್ತಾಯಕ್ಕೆ ಅದನ್ನು ಬೆಟ್ಟ ಎಂದು ಕರೆದು ಹನೂರಿಗೆ ಎರಡನೇ ದಾರಿ ಕೊಟ್ಟಿದ್ದೇನೆ. ಡ್ಯೂಟಿಗೆ ಹೋಗುವ ಮುನ್ನ ಅಪ್ಪ "ಇವತ್ತು ರೋಡ್ ಎಲ್ಲಾ ಓಪನ್ನಾ?" ಎಂದು ಕೇಳಿಯೇ ಚಪ್ಪಲಿ ಮೆಟ್ಟುವುದು.

ಹಸಿರು ಸಿಕ್ಕ ದಿನ ನನಗೆ ಚಟ ಮರುಕಳಿಸಿತು ಎಂದು ಒಪ್ಪಿಕೊಳ್ಳುತ್ತೇನೆ. ಅದರ ಹೊಸ ಆವೃತ್ತಿ ಬಂದಿದೆಯಂತೆ, ವೈಫೈ ಈಗ ಹಿಡಿಯುತ್ತದಂತೆ. ಅರ್ಧ ಗಂಟೆಯ ಕೆಲಸ. ಪೆನ್‌ಡ್ರೈವ್ ಹಿಡಿದು ನಡುಮನೆಗೆ ಬಂದೆ. ಕುಂಕುಮದ ಸೀರೆ ಮೊಣಕಾಲುದ್ದ ಆಗಿತ್ತು. ಅಜ್ಜಿ ತಲೆ ಎತ್ತದೆ, "ಡಬ್ಬ ತೆಗೀತೀಯಾ?" ಎಂದಳು.

"ಸ್ವಲ್ಪ ಒತ್ತು ಅಷ್ಟೇ."

"ತೆಗಿ ಮಗ." ಲಾಳಿ ಒಮ್ಮೆ ಆ ಕಡೆ ಹೋಗಿ ಬಂತು. ಅವಳ ಬಲಗೈ ಆಗಲೇ ಕಂಡಿಕೆಯ ಬುಟ್ಟಿಯನ್ನು ಗೂಡಿನ ಕಡೆಗೆ ಮೆಲ್ಲಗೆ ತಳ್ಳುತ್ತಿತ್ತು. "ಕೆಲ್ಸ ಇಲ್ದೇ ಇರೋ ಜಾಗ ಯಾಕ್ ಬುಡ್ಬೇಕು?"

ಗೂಡಿನೊಳಗೆ ಆರು ಊರುಗಳ ಹಸಿರು ದೀಪ ಮಿಣುಕುತ್ತಿತ್ತು. ನಾನು ಅಡುಗೆಮನೆಗೆ ವಾಪಸು ಹೋಗಿ, ಪೆನ್‌ಡ್ರೈವನ್ನು ಸಾಸಿವೆಯೊಳಗೆ ತಳದವರೆಗೆ ಹೂತು, ಡಬ್ಬಿಯ ಮುಚ್ಚಳ ಬಿಗಿಯಾಗಿ ಮುಚ್ಚಿದೆ.